ಖಾಯಂ ಆರೋಪಿ

ಇಪ್ಪತ್ತನಾಲ್ಕು ವರ್ಷಗಳಲ್ಲಿ ಅಮಾತೆಪ್ಪನಿಗೆ ಹತ್ತು ಸಲ ಜೀವಾವಧಿ ಶಿಕ್ಷೆಯಾಗಿತ್ತು. ಮೂರು ಸಲ ಗಲ್ಲು. ಉಳಿದವು ಕಳವು, ಮೋಸ, ಹೊಡೆದಾಟ. ಒಂದು ಸಲವೂ ಬಿಡುಗಡೆಯಾಗಿರಲಿಲ್ಲ.

ಶಿಕ್ಷೆ ಮುಗಿಯುವುದಕ್ಕೆ ಐದು ನಿಮಿಷ ಸಾಕಾಗುತ್ತಿತ್ತು. ಸೊಂಟಕ್ಕೆ ಕಟ್ಟಿದ ಹಗ್ಗ ಬಿಚ್ಚುತ್ತಿದ್ದರು. ಅಧ್ಯಕ್ಷರು ಒಂದು ಟವೆಲ್ ಕೊಟ್ಟು, ಅವನ ಬೊಗಸೆಗೆ ಮೇಲಿನಿಂದ ಒಂದು ಪೇಡೆ ಹಾಕುತ್ತಿದ್ದರು. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಅವನು ಕುರ್ಚಿ ಮಡಚಿ, ಸಭಾಭವನದ ಕಸ ಹೊಡೆದು, ಸಂಡಾಸಿಗೆ ನೀರು ಹಾಕಿ ಮನೆಗೆ ಹೋಗುತ್ತಿದ್ದ.

ಹುನಗುಂದದ ಸಂಗಮ ಕಾನೂನು ಮಹಾವಿದ್ಯಾಲಯ ಶುರುವಾದದ್ದು ಎಪ್ಪತ್ತೆಂಟರಲ್ಲಿ. ವಕೀಲ ಶಿವಸಂಗಪ್ಪನವರು ಊರ ಹಿರಿಯರನ್ನು ಕೂಡಿಸಿ ಕಟ್ಟಿದ್ದು. ನಮ್ಮ ಮಕ್ಕಳು ಕಾಯ್ದೆ ಓದಲು ಧಾರವಾಡಕ್ಕೆ ಯಾಕೆ ಹೋಗಬೇಕು ಎಂದು ಹಳ್ಳಿ ಹಳ್ಳಿ ತಿರುಗಿ ಹೇಳಿದರು. ಅಂದಿನಿಂದ ಅವರೇ ಅಧ್ಯಕ್ಷರು. ಬಾಗಿಲಲ್ಲಿ ಬಸವಣ್ಣನವರ ದೊಡ್ಡ ಪಟ, ದಿನವೂ ಹೂವು. ಆ ಕಟ್ಟಡದ ಕಲ್ಲು ಹೊತ್ತವರಲ್ಲಿ ಬೇವೂರಿನಿಂದ ಕೂಲಿಗೆ ಬಂದಿದ್ದ ಅಮಾತೆಪ್ಪನೂ ಒಬ್ಬ. ಮಾದರವನು. ಆಗ ಅವನಿಗೆ ಇಪ್ಪತ್ತಾರು. ಗೋಡೆ ಏರಿದಂತೆ ಏಣಿಯೂ ಏರಿತು. ಅವನ ಬಲಭುಜ ಅಂದು ಬಾಗಿದ್ದು ಇಂದಿಗೂ ನೆಟ್ಟಗಾಗಿಲ್ಲ. ಕಟ್ಟಡ ಮುಗಿದ ಮೇಲೆ ಅಲ್ಲೇ ಜವಾನನಾಗಿ ಉಳಿದ. ಉಳಿದದ್ದು ದಿನಗೂಲಿಯ ಮೇಲೆ. ಕಸ ಅವನದು, ಸಂಡಾಸು ಅವನದು, ಗಿಡಗಳಿಗೆ ನೀರು ಅವನದು. ಕುಡಿಯುವ ನೀರಿನ ಹರವಿ ತುಂಬುವವನು ಮಾತ್ರ ಬೇರೆ. ಯಾಕೆಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಮೊದಲ ವರ್ಷದ ಸಂಸ್ಥಾಪನಾ ದಿನಕ್ಕೆ ಅಣಕು ನ್ಯಾಯಾಲಯ ನಡೆಸಬೇಕೆಂದಾಯಿತು. ನ್ಯಾಯಾಧೀಶರಾಗಿ ಅಧ್ಯಕ್ಷರೇ ಕೂತರು. ವಕೀಲರಾಗಲು ಹುಡುಗರು ನಾ ಮುಂದೆ ನೀ ಮುಂದೆ ಎಂದರು. ಆರೋಪಿಯಾಗಲು ಒಬ್ಬನೂ ಬರಲಿಲ್ಲ. ಕಟಕಟೆ ಹತ್ತುವುದು ಅಪಶಕುನ, ಮನೆಯಲ್ಲಿ ಅವ್ವ ಬೈಯುತ್ತಾಳೆ ಎಂದರು. ಅಧ್ಯಕ್ಷರು ಕಿಟಕಿಯ ಹೊರಗೆ ನೋಡಿದರು. ಅಮಾತೆಪ್ಪ ಸುಣ್ಣ ಕಲಸುತ್ತಿದ್ದ. ಅವನನ್ನು ಕರೆಯಿರಿ ಎಂದರು. ಅವನಿಗೂ ಅವ್ವ ಇದ್ದಳು. ಅದು ಯಾರ ತಲೆಗೂ ಹೊಳೆಯಲಿಲ್ಲ.

ಹಾಗೆ ಹುಟ್ಟಿದ್ದು ಸಂಪ್ರದಾಯವಾಯಿತು. ಆರೋಪಿ ಬರಿಗಾಲಲ್ಲಿ ಬರಬೇಕು. ಸೊಂಟಕ್ಕೆ ಹಗ್ಗ, ಕೊರಳಿಗೆ ನಂಬರ್ ಬರೆದ ಪಾಟಿ. ಸರಕಾರಿ ವಕೀಲ ಅವನನ್ನು ಏಕವಚನದಲ್ಲೇ ಮಾತಾಡಿಸಬೇಕು. ನಿಜವಾದ ಕೋರ್ಟಿನಲ್ಲಿ ಸರಕಾರಿ ವಕೀಲ ಆರೋಪಿಯನ್ನು ಹೀಗೆ ನಿಲ್ಲಿಸಿ ಪಾಟೀಸವಾಲು ಹಾಕುವಂತಿಲ್ಲ. ಆ ಕಾಯ್ದೆಯನ್ನು ಅದೇ ಕಟ್ಟಡದಲ್ಲಿ ಕಲಿಸುತ್ತಿದ್ದರು. ಆದರೆ ನಗು ಬರುವುದು ಅಲ್ಲೇ, ಆದ್ದರಿಂದ ಅದನ್ನು ಬಿಡಲಿಲ್ಲ.

ಸುಳ್ಳು ಯಾಕೆ, ಮೊದಮೊದಲು ಅಮಾತೆಪ್ಪನಿಗೆ ಖುಷಿಯೇ ಆಗುತ್ತಿತ್ತು. ವರ್ಷವಿಡೀ ಲೇ, ಏ ಎಂದು ಕರೆಯುವವರು ಅಂದು ಅವನ ಪೂರ್ತಿ ಹೆಸರನ್ನು ಮೂರು ಸಲ ಕೂಗುತ್ತಿದ್ದರು. ತೊಂಬತ್ತೊಂದರ ತನಕ ಅವನಿಗೆ ಅದು ಆಟವೇ.

ಆ ವರ್ಷ ಕಾಲೇಜಿನ ಹಿತ್ತಾಳೆ ಗಂಟೆ ಕಳುವಾಯಿತು. ಸಂಸ್ಥಾಪನೆಯ ದಿನ ಕಟ್ಟಿದ ಗಂಟೆ. ಪೊಲೀಸರು ಬಂದು ಯಾರ ಮೇಲೆ ಸಂಶಯ ಎಂದು ಕೇಳಿದರು. ಯಾರೋ ನಗುತ್ತ, ನಮ್ಮಲ್ಲಿ ಒಬ್ಬ ಖಾಯಂ ಆರೋಪಿ ಇದ್ದಾನೆ ಎಂದರು. ಪೊಲೀಸರು ನಗಲಿಲ್ಲ. ಅವನನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು. ಮೂರು ದಿನ ಠಾಣೆಯಲ್ಲಿ ಇಟ್ಟುಕೊಂಡರು. ಅಂಗಾಲಿಗೆ ಹೊಡೆದರು, ಮೊಣಕಾಲಿಗೆ ಹೊಡೆದರು. ಒಪ್ಪಿಕೊಂಡು ಹೆಬ್ಬೆಟ್ಟು ಒತ್ತು ಎಂದರು. ಅವನು ಒತ್ತಲಿಲ್ಲ. ಕಾಲೇಜಿನಲ್ಲಿ ಹನ್ನೆರಡು ಜನ ಕಾಯ್ದೆ ಪಂಡಿತರಿದ್ದರು. ಠಾಣೆ ಎರಡು ಫರ್ಲಾಂಗ್. ಒಬ್ಬನೂ ಬರಲಿಲ್ಲ.

ಆರು ತಿಂಗಳ ಮೇಲೆ ಗಂಟೆ ಸಿಕ್ಕಿತು. ಅಧ್ಯಕ್ಷರ ತಮ್ಮನ ಮಗ ಅದನ್ನು ತೋಟಕ್ಕೆ ಒಯ್ದು, ಆಳುಗಳನ್ನು ಕರೆಯಲು ಕಟ್ಟಿದ್ದ. ತಂದು ಮತ್ತೆ ಮೊದಲಿನ ಜಾಗದಲ್ಲಿ ಕಟ್ಟಿದರು. ಅಮಾತೆಪ್ಪನಿಗೆ ಯಾರೂ ಏನೂ ಹೇಳಲಿಲ್ಲ. ಆ ಗಂಟೆಯನ್ನು ಬೂದಿ ಹಚ್ಚಿ ತಿಕ್ಕಿದವನೂ ಅವನೇ. ಮುಂದಿನ ಸಂಸ್ಥಾಪನಾ ದಿನ ಕುಂಟುತ್ತ ಹೋಗಿ ಮತ್ತೆ ಕಟಕಟೆಯಲ್ಲಿ ನಿಂತ. ನಿಲ್ಲದೆ ಏನು ಮಾಡುತ್ತಾನೆ? ಮನೆಯಲ್ಲಿ ಹೆಂಡತಿ ಬೋರವ್ವ ಇದ್ದಳು, ಹನ್ನೊಂದು ವರ್ಷದ ಮಗಳು ಸುನಂದಾ ಇದ್ದಳು.

ಆ ಮಗಳು ಬಿ.ಎ. ಮುಗಿಸಿ ಅದೇ ಕಾಲೇಜಿಗೆ ಅರ್ಜಿ ಹಾಕಿದಳು. ಬೇಡವೆಂದು ಅಪ್ಪ ಬೇಡಿಕೊಂಡ. ಬಾಗಲಕೋಟೆಗೆ ಹೋಗು, ಎಲ್ಲಿಗಾದರೂ ಹೋಗು ಎಂದ. ಅವಳು ಕೇಳಲಿಲ್ಲ. ಮೂರು ವರ್ಷ ಅವನು ಕಸ ಹೊಡೆದ ಕೋಣೆಯಲ್ಲಿ ಅವಳು ಕೂತಳು. ಅವನು ವರಾಂಡದಲ್ಲಿ ನೆಲ ಒರೆಸುತ್ತ ಕಿವಿಗೊಡುತ್ತಿದ್ದ. ಇಪ್ಪತ್ತೈದು ವರ್ಷ ಕಿಟಕಿಯಿಂದ ಬಿದ್ದ ಕಾಯ್ದೆ ಅವನ ತಲೆಯಲ್ಲೂ ಒಂದಿಷ್ಟು ನಿಂತಿತ್ತು. ಯಜಮಾನನ ವಸ್ತು ಆಳು ಕದ್ದರೆ ಮುನ್ನೂರ ಎಂಬತ್ತೊಂದು, ಏಳು ವರ್ಷದವರೆಗೆ ಶಿಕ್ಷೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಒಪ್ಪಿಗೆಯಲ್ಲ. ನ್ಯಾಯಾಧೀಶರ ಮುಂದೆ ಒಪ್ಪಿಕೊಂಡರೆ ಒಪ್ಪಿಗೆ.

ಎರಡು ಸಾವಿರದ ಮೂರು. ಕಾಲೇಜಿಗೆ ಬೆಳ್ಳಿಹಬ್ಬ. ಸ್ಮರಣ ಸಂಚಿಕೆ ಅಚ್ಚಾಗಿ ಬಂತು. ‘ನಮ್ಮ ಇತಿಹಾಸ, ನಮ್ಮ ಪರಂಪರೆ’ ಎಂಬ ಲೇಖನದಲ್ಲಿ ಅಮಾತೆಪ್ಪನ ಫೋಟೊ ಇತ್ತು. ಹಗ್ಗ, ಪಾಟಿ, ಬಿಟ್ಟ ಬಾಯಿ. ಕೆಳಗೆ ‘ನಮ್ಮ ಖಾಯಂ ಆರೋಪಿ’ ಎಂದು ಬರೆದಿತ್ತು. ಕಟ್ಟಡಕ್ಕೆ ದುಡಿದವರ ಪಟ್ಟಿಯಲ್ಲಿ ನಲವತ್ತು ಹೆಸರುಗಳಿದ್ದವು. ಅವನ ಹೆಸರು ಇರಲಿಲ್ಲ.

ಅಣಕು ನ್ಯಾಯಾಲಯ ಅಷ್ಟೊತ್ತಿಗೆ ಬರೀ ಆಟವಾಗಿ ಉಳಿದಿರಲಿಲ್ಲ. ಕೊನೆಯ ವರ್ಷದವರಿಗೆ ಅದೇ ಒಂದು ಪರೀಕ್ಷೆ. ಅದರ ಅಂಕ ಧಾರವಾಡದ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಅಂಕ ಇಲ್ಲದಿದ್ದರೆ ಪಾಸಿಲ್ಲ, ಪಾಸಿಲ್ಲದೆ ವಕೀಲಿಯ ಸನದು ಇಲ್ಲ. ಯಾರು ಯಾವ ಪಕ್ಷ ಎಂದು ಚೀಟಿ ಎತ್ತಿಸಿದರು. ಸುನಂದಾಳಿಗೆ ಸರಕಾರಿ ವಕೀಲರ ಚೀಟಿ ಬಂತು. ಪ್ರಕರಣ ಬರೆದವರು ನಾಗಲಿಂಗ ಸರ್. ಇಳಕಲ್ಲಿನ ನೇಕಾರರ ಮಗ. ಕೆಟ್ಟವರಲ್ಲ. ಬೆಳ್ಳಿಹಬ್ಬ, ಅತಿಥಿಗಳು ಬರುತ್ತಾರೆ, ಕಾಲೇಜಿನದೇ ಒಂದು ತಮಾಷೆಯ ಪ್ರಸಂಗ ಇರಲಿ ಎಂದು ಗಂಟೆ ಕಳವಿನ ಪ್ರಕರಣ ಬರೆದಿದ್ದರು. ಅವರು ಸೇರಿದ್ದು ತೊಂಬತ್ತೆಂಟರಲ್ಲಿ. ಠಾಣೆಯ ಮೂರು ದಿನ ಅವರಿಗೆ ಗೊತ್ತಿರಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಸುನಂದಾ ಅವರ ಕೋಣೆಗೆ ಹೋದಳು. ಪ್ರಕರಣ ಬದಲಿಸಿ ಎಂದಳು, ಇಲ್ಲವೇ ಆರೋಪಿಯನ್ನು ಬದಲಿಸಿ ಎಂದಳು. ಠಾಣೆಯ ಮೂರು ದಿನದ ಬಗ್ಗೆ ತನಗೆ ಗೊತ್ತಿದ್ದಷ್ಟನ್ನು ಹೇಳಿದಳು. ನಾಗಲಿಂಗ ಸರ್ ಕನ್ನಡಕ ತೆಗೆದು ಒರೆಸಿದರು. ಅಧ್ಯಕ್ಷರ ಮನೆಗೆ ಹೋಗಿ ಬಂದರು. ಮರುದಿನ ಬಂದ ಉತ್ತರ ಚಿಕ್ಕದಿತ್ತು: ಇಪ್ಪತ್ತೈದು ವರ್ಷದ ಪರಂಪರೆ ಒಬ್ಬ ಹುಡುಗಿಗಾಗಿ ನಿಲ್ಲುವುದಿಲ್ಲ. ವಾದ ಮಾಡದವರ ಹೆಸರಿನ ಮುಂದೆ ಸೊನ್ನೆ ಬರೆಯಲಾಗುವುದು.

ಅಂದು ಸಂಜೆ ಮನೆಯಲ್ಲಿ ಯಾರೂ ಊಟಕ್ಕೆ ಕೂರಲಿಲ್ಲ. ಬೋರವ್ವ ರೊಟ್ಟಿ ಬಡಿಯುವುದನ್ನು ನಡುವೆಯೇ ನಿಲ್ಲಿಸಿ ಗೋಡೆಗೆ ಒರಗಿದ್ದಳು. ಅಮಾತೆಪ್ಪ ಮಗಳ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. ಅವಳಿಗೆ ಅವನು ನ್ಯಾಯ ಹೇಳಲಿಲ್ಲ, ಬೇಡಿಕೊಂಡ.

“ನನಗ ಲೇ ಅನ್ನು. ಕಳ್ಳ ಅನ್ನು. ಏನ ಅಂದರೂ ನಾ ಮನಸಿಗೆ ಹಚ್ಚಿಕೊಳ್ಳೂದಿಲ್ಲ, ಯವ್ವಾ. ಅರ್ಧಾ ತಾಸಿನ ಮಾತು. ಮುಗಿದ ಮ್ಯಾಲ ನೀ ವಕೀಲಕಿ.”

“ನಿನ್ನ ಕಳ್ಳ ಅಂದು ವಕೀಲಕಿ ಆಗ್ಲೇನು?”

“ಉಳದವರೆಲ್ಲ ಹಂಗೇ ಆಗ್ಯಾರಲ್ಲ.”

ಅವನು ನಿಜವನ್ನೇ ಹೇಳಿದ್ದ. ಹುನಗುಂದ, ಬಾದಾಮಿ, ಬಾಗಲಕೋಟೆಯ ಕೋರ್ಟುಗಳಲ್ಲಿ ಕರಿಕೋಟು ಹಾಕಿಕೊಂಡು ಓಡಾಡುವ ಎಷ್ಟೋ ಮಂದಿ ಮೊದಲ ಸಲ ಬಾಯಿ ತೆರೆದದ್ದು ಅವನ ಮೇಲೆ. ಬೋರವ್ವ ಗೋಡೆಯ ಕಡೆಯಿಂದಲೇ ಹೇಳಿದಳು. “ಆಕಿನ್ನ ಬಿಡು. ಆಕಿ ಬಾಯಾಗ ಆ ಮಾತು ಬಂತಂದ್ರ ನಾ ಈ ಮನ್ಯಾಗ ಹೆಂಗ ಇರ್ಲಿ?”

ಬೆಳ್ಳಿಹಬ್ಬದ ದಿನ ಸಭಾಭವನ ತುಂಬಿತ್ತು. ಖಾಸಿಂಸಾಬನ ಅಂಗಡಿಯಿಂದ ಮುನ್ನೂರು ಕುರ್ಚಿ ಬಂದಿದ್ದವು. ಅವನ್ನು ಬೆಳಿಗ್ಗೆ ಸಾಲು ಹಚ್ಚಿದವನು ಅಮಾತೆಪ್ಪ. ಹನ್ನೊಂದಕ್ಕೆ ಅವನ ಸೊಂಟಕ್ಕೆ ಹಗ್ಗ ಕಟ್ಟಿದರು. ಈ ಸಲ ಪಾಟಿಯಲ್ಲಿ ಇಪ್ಪತ್ತೈದು ಎಂದು ಬರೆದಿದ್ದರು. ಹೆಸರು ಮೂರು ಸಲ ಕೂಗಿದರು. ಅವನು ಬರಿಗಾಲಲ್ಲಿ, ಮೊಣಕಾಲು ಎಳೆಯುತ್ತ ಕಟಕಟೆ ಹತ್ತಿದ. ಕುಂಟುವುದನ್ನು ಅವನು ಆಟಕ್ಕಾಗಿ ಮಾಡುತ್ತಿದ್ದಾನೆ ಎಂದುಕೊಂಡ ಅತಿಥಿಯೊಬ್ಬರು ಭೇಷ್ ಎಂದರು.

ಸುನಂದಾ ಎದ್ದು ನಿಂತಳು. ಕರಿಕೋಟು ಯಾರದೋ ಹಳೆಯದು, ತೋಳು ಉದ್ದವಿತ್ತು. ಕಾಗದ ನೋಡಲಿಲ್ಲ.

“ನಿಮ್ಮ ಹೆಸರು ಹೇಳ್ರಿ,” ಎಂದಳು.

ಸಭೆ ಗೊಳ್ಳೆಂದಿತು. ಮೇಲೆ ಕೂತ ಶಿವಸಂಗಪ್ಪನವರೂ ನಕ್ಕರು. ಎಪ್ಪತ್ತೈದು ದಾಟಿದ ಮನುಷ್ಯ, ನಗು ಮಾತ್ರ ಗಟ್ಟಿ. “ಸರಕಾರಿ ವಕೀಲರ, ಆರೋಪಿಗೆ ಬಹುವಚನ ಎಲ್ಲಿಂದ ತಂದ್ರಿ? ನಮ್ಮ ಕೋರ್ಟಿನ ಪದ್ಧತಿ ನಿಮಗ ಗೊತ್ತಿಲ್ಲೇನು? ನಿಮ್ಮಪ್ಪನ್ನ ಕೇಳಿದ್ರ ಹೇಳ್ತಿದ್ದ.”

ಮತ್ತೆ ನಗು. ಅಮಾತೆಪ್ಪನೂ ನಕ್ಕ. ಮಗಳಿಗೆ ದಾರಿ ಸುಲಭವಾಗಲಿ ಎಂದು ನಕ್ಕ.

ಸುನಂದಾ ನಗಲಿಲ್ಲ. ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ, ಸಂವಿಧಾನದಲ್ಲಿ ಅದು ಇದೆ, ಇದೇ ಕಾಲೇಜಿನಲ್ಲಿ ಕಲಿತೆ ಎಂದಳು. ಇಪ್ಪತ್ತೈದು ವರ್ಷ ಈ ಮನುಷ್ಯನನ್ನು ಇಲ್ಲಿ ನಿಲ್ಲಿಸಿದ್ದು ಕಾನೂನಿಗೆ ವಿರುದ್ಧ ಎಂದಳು. “ನಾ ಇವರಿಗೆ ಒಂದು ಸವಾಲೂ ಹಾಕೂದಿಲ್ಲ.”

ನಗು ನಿಂತಿತು. ಅಧ್ಯಕ್ಷರು ಮುಂದಿದ್ದ ನೀರು ಕುಡಿದರು. ಇದು ಆಟ, ಇಲ್ಲಿ ಸಂವಿಧಾನ ತರಬೇಡ ಎಂದರು. ಬಹುವಚನ ಆಗಲೇ ಹೋಗಿತ್ತು. ಆಮೇಲೆ ಅಂಕದ ಹಾಳೆ ಹಿಡಿದು ಕೂತಿದ್ದ ನಾಗಲಿಂಗ ಸರ್ ಕಡೆ ತಿರುಗಿ, “ಆಕಿಗೆ ಸೊನ್ನಿ ಬರೀರಿ,” ಎಂದರು.

ನಾಗಲಿಂಗ ಸರ್ ಪೆನ್ನಿನ ಟೋಪಿ ತೆಗೆದರು. ಅಮಾತೆಪ್ಪ ಆ ಪೆನ್ನನ್ನೇ ನೋಡುತ್ತಿದ್ದ. ಮಗಳ ಮೂರು ವರ್ಷ ಅದರ ತುದಿಯಲ್ಲಿತ್ತು. ಬೋರವ್ವ ಮಂದಿಯ ಹೊಲದಲ್ಲಿ ಕಳೆ ಕಿತ್ತ ಬೆರಳುಗಳು ಅಲ್ಲಿದ್ದವು. ಅವನು ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದ.

“ನಾನೇ ಕದ್ದೇನ್ರಿ,” ಎಂದ.

ನಾಗಲಿಂಗ ಸರ್ ಕೈ ನಿಂತಿತು.

“ಗಂಟಿ ನಾನೇ ಕದ್ದೇನ್ರಿ, ಸಾಹೇಬ್ರ. ಮುನ್ನೂರ ಎಂಬತ್ತೊಂದು. ನಿಮ್ಮ ಮುಂದ ಒಪ್ಪಿಕೊಂಡೀನಿ. ನ್ಯಾಯಾಧೀಶರ ಮುಂದ ಒಪ್ಪಿಕೊಂಡ್ರ ಸವಾಲು ಬೇಕಾಗೂದಿಲ್ಲಲ್ಲರಿ? ಸರಕಾರಿ ವಕೀಲರು ಗೆದ್ದಂಗ ಆತಲ್ಲರಿ? ಆಕಿಗೆ ಮಾರ್ಕು ಹಾಕ್ರಿ.”

ಮೂರು ದಿನದ ಲಾಠಿಗೆ ಬಾರದ ಮಾತು. ಅದನ್ನು ಅವನು ಬೆಳಗಿನ ಹನ್ನೊಂದೂವರೆಗೆ, ಮುನ್ನೂರು ಜನರ ಮುಂದೆ, ಕೈ ಮುಗಿದು ಕೊಟ್ಟ.

ಶಿವಸಂಗಪ್ಪನವರು ಮೇಜು ಬಡಿದು ನಕ್ಕರು. ಇಪ್ಪತ್ತೈದು ವರ್ಷದಲ್ಲಿ ಇಂಥ ಆರೋಪಿ ಸಿಗಲಿಲ್ಲ ಎಂದರು. ಇಡೀ ಸಭೆ ಎದ್ದು ಚಪ್ಪಾಳೆ ಹೊಡೆಯಿತು. ಆರೋಪಿಗೆ ಏಳು ವರ್ಷ, ಸರಕಾರಿ ವಕೀಲರಿಗೆ ನಲವತ್ತು ಅಂಕ. ಸುನಂದಾ ಅಪ್ಪನನ್ನು ನೋಡಿದಳು. ಅವನು ಅವಳನ್ನು ನೋಡಲಿಲ್ಲ. ನಾಗಲಿಂಗ ಸರ್ ಹಾಳೆಯಲ್ಲಿ ನಾಲ್ಕು ಬರೆದು, ಅದರ ಪಕ್ಕ ಸೊನ್ನೆ ಬರೆಯುವತನಕ ಅವನು ಕಟಕಟೆ ಬಿಟ್ಟು ಇಳಿಯಲಿಲ್ಲ. ಅಷ್ಟರಲ್ಲಿ ಅವಳು ಹೊರಗೆ ಹೋಗಿದ್ದಳು.

ಟವೆಲ್, ಪೇಡೆ ತೆಗೆದುಕೊಂಡು ಅವನು ಹುಡುಕುತ್ತ ಹೋದ. ಅವಳು ಕಾಲೇಜಿನ ಆಫೀಸಿನಿಂದ ಹೊರಗೆ ಬರುತ್ತಿದ್ದಳು. ಅವನು ಪೇಡೆ ಮುಂದೆ ಚಾಚಿ, ನಲವತ್ತು ಎಂದ. ಕಣ್ಣಾರೆ ನೋಡಿದೆ ಎಂದ.

ಅವಳು ಅರ್ಜಿ ಬರೆದುಕೊಟ್ಟು ಬಂದಿದ್ದಳು. ನಾನು ವಾದ ಮಾಡಿಲ್ಲ, ನನ್ನ ಹೆಸರಿನ ಮುಂದೆ ಗೈರು ಎಂದು ಬರೆಯಿರಿ, ಕೊಟ್ಟ ಅಂಕ ನನಗೆ ಬೇಡ.

ಅಮಾತೆಪ್ಪನ ಕೈ ಎದ್ದಿತು. ಮಗಳ ಕೆನ್ನೆಗೆ ಬಿತ್ತು. ಇಪ್ಪತ್ಮೂರು ವರ್ಷದಲ್ಲಿ ಅವನು ಅವಳಿಗೆ ಬೆರಳು ತಾಗಿಸಿರಲಿಲ್ಲ. ಪೇಡೆ ಮಣ್ಣಿಗೆ ಬಿತ್ತು. “ನನ್ನ ಮಾನಾ ಮಾರಿ ತಂದಿದ್ದೆ. ಅದನ್ನೂ ಚೆಲ್ಲಿ ಬಂದಿಯೇನ?” ಎಂದ.

ಸುನಂದಾ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಒಳಗೆ ಕೇಳದಿದ್ದ ಸವಾಲನ್ನು ಹೊರಗೆ ಬಿಸಿಲಲ್ಲಿ ನಿಂತು ಕೇಳಿದಳು.

“ಯಪ್ಪಾ, ಗಂಟಿ ನೀ ಕದ್ದಿದ್ದೇನು?”

ಅವನು ಸುತ್ತ ನೋಡಿದ.

“ಇಲ್ಲ.”

“ನನ್ನ ಒಬ್ಬಾಕಿ ಮುಂದ ಇಲ್ಲ ಅಂತಿ. ಅಷ್ಟೂ ಮಂದಿ ಮುಂದ ಕದ್ದೇನಿ ಅಂದಿ. ನಾಳೆ ನಾ ಯಾವ ಕೋರ್ಟಿನ್ಯಾಗ ನಿಂತು ಯಾರ ಪರವಾಗಿ ಬಾಯಿ ತೆಗೀಲಿ?”

ಅವನು ಟವೆಲನ್ನು ಗೇಟಿನ ಮೇಲೆ ಇಟ್ಟ. ತಿರುಗಿ ಸಭಾಭವನದ ಕಡೆ ನಡೆದ. ಅವಳು ಕರೆಯಲಿಲ್ಲ, ತಡೆಯಲಿಲ್ಲ.

ಒಳಗೆ ಅತಿಥಿಗಳು ಊಟಕ್ಕೆ ಎದ್ದಿದ್ದರು. ಅರ್ಧ ಕುರ್ಚಿ ಖಾಲಿ. ಹುಡುಗರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಮಾತೆಪ್ಪ ಯಾರೂ ಕೂಗದೆ, ಹಗ್ಗವಿಲ್ಲದೆ, ಪಾಟಿಯಿಲ್ಲದೆ ಕಟಕಟೆ ಹತ್ತಿದ. ಇಪ್ಪತ್ತೈದು ವರ್ಷದಲ್ಲಿ ತಾನಾಗಿ ಹತ್ತಿದ್ದು ಅದೇ ಮೊದಲು.

“ನಾ ಕದ್ದಿಲ್ಲ,” ಎಂದ. “ಸುಳ್ಳು ಹೇಳಿದ್ದೆ. ನಾ ಕದ್ದಿಲ್ಲ. ಬರಕೋರಿ.”

ಫೋಟೊದವರು ಒಮ್ಮೆ ತಿರುಗಿ ನೋಡಿ ನಕ್ಕರು. ಮುದುಕನಿಗೆ ಆಟ ತಲೆಗೇರಿದೆ ಎಂದ ಒಬ್ಬ. ಶಿವಸಂಗಪ್ಪನವರು ಬಾಗಿಲಲ್ಲಿದ್ದರು. ನಿಂತರು. ಅವರ ಮುಖದಲ್ಲಿ ನಗು ಇರಲಿಲ್ಲ. ಗಂಟೆ ಯಾರ ತೋಟದಲ್ಲಿ ಸಿಕ್ಕಿತೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಇರಲಿಲ್ಲ.

“ಕೋರ್ಟು ಮುಗೀತು, ಇಳಿ ಲೇ,” ಎಂದರು.

“ಇಳಿಯೂದಿಲ್ರಿ. ಬರಕೊಂಡ ಮ್ಯಾಲ ಇಳೀತೇನಿ.”

ಅವನು ಅವರಿಗೆ ಇಲ್ಲ ಎಂದದ್ದು ಅದೇ ಮೊದಲ ಸಲ. ಅವರು ಬೆರಳು ಎತ್ತಿ ಮತ್ತೆ ಇಳಿಸಿದರು. ಹೊರಗೆ ಅತಿಥಿಗಳು ಕಾಯುತ್ತಿದ್ದರು. ನಾಳೆಯಿಂದ ಇವನು ಗೇಟಿನೊಳಗೆ ಕಾಲಿಡಕೂಡದು ಎಂದು ನಾಗಲಿಂಗ ಸರ್‌ಗೆ ಹೇಳಿ ಹೊರಟುಹೋದರು. ನಾಗಲಿಂಗ ಸರ್ ಹಾಳೆಗಳನ್ನು ಎದೆಗೆ ಅವಚಿಕೊಂಡು ಕಟಕಟೆಯ ಹತ್ತಿರ ಬಂದರು. “ಅಮಾತೆಪ್ಪ, ಪ್ರಕರಣ ಬರೆಯೂವಾಗ ನನಗ ಖರೇನ ಗೊತ್ತಿರಲಿಲ್ಲ,” ಎಂದರು. ಅವನು ಬರೆದುಕೊಳ್ಳಿ ಎಂದ. ಅವರು ಅವನ ಮುಖ ನೋಡಿದರು, ಬಾಗಿಲ ಕಡೆ ನೋಡಿದರು. ಪೆನ್ನಿಗೆ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿಕೊಂಡು ಊಟಕ್ಕೆ ಹೋದರು.

ಸಭಾಭವನ ಖಾಲಿಯಾಯಿತು. ಖಾಸಿಂಸಾಬ ಒಬ್ಬನೇ ಕುರ್ಚಿ ಮಡಚತೊಡಗಿದ್ದ. ಕಟಕಟೆಯಲ್ಲಿ ನಿಂತವನನ್ನು ಕಂಡು ಅವನೂ ಕೈ ನಿಲ್ಲಿಸಿ ಹೊರಗೆ ಹೋಗಿ ಕೂತ. ಅಮಾತೆಪ್ಪ ಮೊಣಕಾಲಿನ ಭಾರವನ್ನು ಕಟಕಟೆಯ ಕಟ್ಟಿಗೆಗೆ ಬಿಟ್ಟು ನಿಂತ. ಇಳಿಯಲಿಲ್ಲ.

ಸುನಂದಾ ಬಂದಳು. ಕೋಟು ಹಾಕಿಕೊಂಡೇ ಇದ್ದಳು. ಗುಮಾಸ್ತನ ಮೇಜಿಗೆ ಹೋಗಿ ಕೂತು, ಅಲ್ಲಿ ಬಿದ್ದಿದ್ದ ಒಂದು ಹಾಳೆ ಎಳೆದುಕೊಂಡಳು. ತನ್ನ ಪೆನ್ನು ತೆಗೆದಳು. ಮೇಲೆ ತಾರೀಖು ಹಾಕಿದಳು. ಕೆನ್ನೆಯ ಮೇಲೆ ಅವನ ಬೆರಳು ಮೂಡಿದ್ದವು.

“ಹೇಳು,” ಎಂದಳು. “ಮೊದಲಿಂದ ಹೇಳು. ಠಾಣೇದಾಗ ಏನಾತು?”

ಹನ್ನೆರಡು ವರ್ಷದಲ್ಲಿ ಅವನು ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಬಾಯಿ ತೆರೆದ. ಜೀಪು ಎಂದ. ಅಂಗಾಲು ಎಂದ. ಅವಳು ಬರೆಯುತ್ತ ಹೋದಳು. ಎರಡನೆಯ ದಿನಕ್ಕೆ ಬಂದಾಗ ಅವನ ಮಾತು ನಿಂತಿತು. ಅವಳು ತಲೆ ಎತ್ತದೆ ಕಾದಳು.

“ಅವತ್ತ ನೀ ಬುತ್ತಿ ತಂದಿದ್ದಿ,” ಎಂದ. “ಠಾಣೆ ಗೋಡಿ ಹೊರಗ ನಿಂತು ಯಪ್ಪಾ ಯಪ್ಪಾ ಅಂತ ಕರೀತಿದ್ದಿ. ಅವರು ಒಳಗ ಹೊಡೀತಿದ್ರು. ನಿನಗ ಕೇಳಬಾರದಂತ ನಾ ಒದರಲಿಲ್ಲ. ಅಂಗಿ ತೋಳು ಬಾಯಾಗ ತುರುಕಿಕೊಂಡೆ.”

ಪೆನ್ನು ನಿಂತಿತು.

“ಅದನ್ನ ಬರೀಬ್ಯಾಡ ಯವ್ವಾ,” ಎಂದ.

ಅವಳು ಬರೆದಳು.